ಕ್ವಾರ್ಟರ್‌ಬ್ಯಾಕನ್ನು ಪಾಸಿನ ಅಂಕಿಗಳಿಂದ ಅಳೆಯಬಹುದೆ?

ಅಮೆರಿಕನ್ ಫುಟ್‌ಬಾಲಿನಲ್ಲಿ ತಂಡವೊಂದಕ್ಕೆ ನಾಲ್ಕು ಯತ್ನ ಸಿಗುತ್ತದೆ. ಅಷ್ಟರಲ್ಲಿ 10 ಗಜ ಮುಂದೆ ಹೋದರೆ ಮತ್ತೆ ನಾಲ್ಕು ಯತ್ನ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಯತ್ನ ಶುರುವಾದ ಕೂಡಲೇ ಚೆಂಡು ಬಂದು ಸೇರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಎರಡು ಮೂರು ಸೆಕೆಂಡಿನೊಳಗೆ ಅವನು ಅದನ್ನು ಎಸೆಯಬೇಕು, ಪಕ್ಕದವನಿಗೆ ಕೊಡಬೇಕು, ಇಲ್ಲವೇ ತಾನೇ ಹಿಡಿದು ಓಡಬೇಕು. ಅಮೆರಿಕದ ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನ ತಂಡಗಳು ಅತಿ ಹೆಚ್ಚು ಸಂಬಳ ಕೊಡುವುದು ಈ ಜಾಗಕ್ಕೆ. ಅವನು ಎಸೆದ ಪ್ರತಿ ಚೆಂಡಿಗೂ ಲೆಕ್ಕವಿದೆ.

ಆ ಲೆಕ್ಕವನ್ನು ನಂಬಿ ಒಬ್ಬ ಕ್ವಾರ್ಟರ್‌ಬ್ಯಾಕ್ ಒಳ್ಳೆಯವನೋ ಅಲ್ಲವೋ ಎಂದು ಹೇಳಬಹುದೆ? ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ತಂಡದ ತವರಾದ ಲೀವೈಸ್ ಕ್ರೀಡಾಂಗಣದ ಹತ್ತಿರ, ಅಕ್ಕಪಕ್ಕದಲ್ಲಿ ಮನೆ ಮಾಡಿಕೊಂಡಿರುವ ಇಬ್ಬರು ಕನ್ನಡಿಗರು ಇಲ್ಲಿ ಬರೆದಿದ್ದಾರೆ. ಮೊದಲನೆಯವರು ಲೆಕ್ಕ ಪರಿಶೋಧಕಿ. ಎರಡನೆಯವರ ಮಗ ಹೈಸ್ಕೂಲು ತಂಡದಲ್ಲಿ ಕ್ವಾರ್ಟರ್‌ಬ್ಯಾಕ್ ಆಡುತ್ತಾನೆ.

ಪರ: ಅಂಕಿ ಮುಖ ನೋಡಿ ಮಣೆ ಹಾಕುವುದಿಲ್ಲ

1998ರ ಏಪ್ರಿಲ್‌ನ ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಸರದಿಯಂತೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವಾಗ, ಇಂಡಿಯಾನಪೊಲಿಸ್ ಕೋಲ್ಟ್ಸ್ ತಂಡದ ಮುಂದೆ ಇಬ್ಬರು ಹುಡುಗರಿದ್ದರು, ಪೇಟನ್ ಮ್ಯಾನಿಂಗ್ ಮತ್ತು ರಯಾನ್ ಲೀಫ್. ಯಾರನ್ನು ಮೊದಲು ಆರಿಸಬೇಕೆಂದು ದೊಡ್ಡ ಚರ್ಚೆಯೇ ನಡೆದಿತ್ತು. ಲೀಫ್‌ನ ಆಳ್ತನ, ತೋಳಿನ ಬಲ ನೋಡಿ ಮನಸೋತವರು ಬಹಳ ಜನ. ಕೋಲ್ಟ್ಸ್ ಮ್ಯಾನಿಂಗ್‌ನನ್ನು ಆರಿಸಿತು, ಎರಡನೆಯ ಸರದಿಯಲ್ಲಿ ಸ್ಯಾನ್ ಡಿಯಾಗೋ ಚಾರ್ಜರ್ಸ್ ಲೀಫ್‌ನನ್ನು ತೆಗೆದುಕೊಂಡಿತು. ಆ ವರ್ಷ 16 ಪಂದ್ಯಗಳಲ್ಲಿ ಕೋಲ್ಟ್ಸ್ ಗೆದ್ದದ್ದು 3, ಚಾರ್ಜರ್ಸ್ 5. ಗೆಲುವನ್ನೇ ಅಳತೆಗೋಲು ಮಾಡಿಕೊಂಡವರಿಗೆ ಲೀಫ್ ಬಂದ ತಂಡವೇ ವಾಸಿ ಅನ್ನಿಸಬೇಕಿತ್ತು.

ಪಾಸಿನ ಲೆಕ್ಕ ಬೇರೆ ಮಾತು ಹೇಳುತ್ತಿತ್ತು. ಮ್ಯಾನಿಂಗ್ 28 ಇಂಟರ್‌ಸೆಪ್ಷನ್ ಕೊಟ್ಟಿದ್ದ, ಅಂದರೆ ಅವನು ಎಸೆದ 28 ಚೆಂಡು ಎದುರಾಳಿಯ ಕೈ ಸೇರಿದ್ದವು. ಹೊಸಬನೊಬ್ಬ ಒಂದೇ ವರ್ಷದಲ್ಲಿ ಅಷ್ಟು ಕಳೆದದ್ದು ದಾಖಲೆ. ಆದರೆ ಜೊತೆಯಲ್ಲೇ 3,739 ಗಜ ಮತ್ತು 26 ಟಚ್‌ಡೌನ್, ಅಂದರೆ ಎದುರಾಳಿಯ ಕೊನೆಯ ಗೆರೆ ದಾಟಿ ಅಂಕ ತಂದ ಪಾಸುಗಳು ಇದ್ದವು. ಲೀಫ್‌ನ ಖಾತೆಯಲ್ಲಿ 2 ಟಚ್‌ಡೌನ್, 15 ಇಂಟರ್‌ಸೆಪ್ಷನ್. ಪಾಸರ್ ರೇಟಿಂಗ್ ಲೆಕ್ಕದಲ್ಲಿ ಮ್ಯಾನಿಂಗ್ 71.2, ಲೀಫ್ 39.0. ಈ 39.0 ಎಷ್ಟು ಕೆಳಗಿನದು ಗೊತ್ತೆ? ಕ್ವಾರ್ಟರ್‌ಬ್ಯಾಕ್ ಒಬ್ಬ ವರ್ಷವಿಡೀ ಪ್ರತಿಯೊಂದು ಚೆಂಡನ್ನೂ ತನ್ನ ಕಾಲ ಬುಡದಲ್ಲೇ ನೆಲಕ್ಕೆ ಬಡಿದರೆ ಅವನಿಗೆ ಬರುವ ರೇಟಿಂಗ್ 39.6. ಎರಡೂ ತಂಡಗಳು ಸೋಲುತ್ತಿದ್ದಾಗಲೇ, ಯಾವ ಹುಡುಗನಲ್ಲಿ ಸತ್ವವಿದೆ ಎಂದು ಕಾಗದ ಹೇಳಿಬಿಟ್ಟಿತ್ತು.

ಈ ರೇಟಿಂಗ್ ಏನೆಂದು ತಿಳಿಯದೆಯೇ ಅದನ್ನು ಬೈಯುವವರು ಹೆಚ್ಚು. ಎನ್‌ಎಫ್‌ಎಲ್ ಅದನ್ನು ಜಾರಿಗೆ ತಂದದ್ದು 1973ರಲ್ಲಿ. ಅದು ಕೇಳುವುದು ನಾಲ್ಕೇ ಪ್ರಶ್ನೆ. ಎಸೆದದ್ದರಲ್ಲಿ ಎಷ್ಟು ಪಾಸು ನಮ್ಮವರ ಕೈ ಸೇರಿದವು? ಒಂದು ಎಸೆತಕ್ಕೆ ಸರಾಸರಿ ಎಷ್ಟು ಗಜ ಸಿಕ್ಕಿತು? ಎಷ್ಟು ಎಸೆತಕ್ಕೊಂದು ಟಚ್‌ಡೌನ್? ಎಷ್ಟು ಎಸೆತಕ್ಕೊಂದು ಇಂಟರ್‌ಸೆಪ್ಷನ್? ಒಂದೊಂದಕ್ಕೂ ಸೊನ್ನೆಯಿಂದ 2.375ರವರೆಗೆ ಅಂಕ. ನಾಲ್ಕನ್ನೂ ಕೂಡಿಸಿ 6ರಿಂದ ಭಾಗಿಸಿ 100ರಿಂದ ಗುಣಿಸಿದರೆ ರೇಟಿಂಗ್ ಬಂತು. ಪೂರ್ಣಾಂಕ 158.3.

ಹೋದ ಚಳಿಗಾಲದ ಒಂದು ಭಾನುವಾರ. ಹತ್ತು ಗಂಟೆಯ ಆಟ ಶುರುವಾಗುವ ಮುಂಚೆ ಪಕ್ಕದ ಮನೆಯ ಹುಡುಗ ಅಡುಗೆಮನೆಗೆ ಬಂದ. "ಆಂಟಿ, ಜೋ ಮೊಂಟಾನಾ ನಿಜವಾಗ್ಲೂ ಅಷ್ಟು ದೊಡ್ಡ ಆಟಗಾರನಾ, ಅಥವಾ ಇಲ್ಲಿನವರು ಅಭಿಮಾನಕ್ಕೆ ಹೇಳ್ತಾರಾ?" ಅಂದ. ಕರೆಂಟ್ ಬಿಲ್ಲಿನ ಲಕೋಟೆ ಅಲ್ಲೇ ಇತ್ತು. ಅದರ ಹಿಂಭಾಗದಲ್ಲಿ ಇಬ್ಬರೂ ಲೆಕ್ಕ ಹಾಕಿದೆವು. 1990ರ ಜನವರಿ 28, ನ್ಯೂ ಆರ್ಲಿಯನ್ಸ್, ಡೆನ್ವರ್ ವಿರುದ್ಧ ಫಾರ್ಟಿನೈನರ್ಸ್ ಆಡಿದ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್. ಮೊಂಟಾನಾ ಎಸೆದದ್ದು 29, ಕೈ ಸೇರಿದ್ದು 22, 297 ಗಜ, 5 ಟಚ್‌ಡೌನ್, ಒಂದೂ ಇಂಟರ್‌ಸೆಪ್ಷನ್ ಇಲ್ಲ. ಕೈ ಸೇರಿದ ಪಾಸಿಗೆ 2.293 ಬಂತು, ಗಜಕ್ಕೆ 1.81. ಟಚ್‌ಡೌನ್ ಲೆಕ್ಕ 3.4ನ್ನೂ ದಾಟಿತು, ಆದರೆ ಮಿತಿ ಇರುವುದರಿಂದ 2.375ಕ್ಕೆ ನಿಲ್ಲಿಸಿದೆವು. ಇಂಟರ್‌ಸೆಪ್ಷನ್ ಇಲ್ಲದ್ದಕ್ಕೆ ಪೂರ್ತಿ 2.375. ಒಟ್ಟು 147.6. ಹುಡುಗ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, "ಚೆಂಡು ಕಳೆದುಕೊಳ್ಳದೆ ಇದ್ದದ್ದಕ್ಕೂ ಟಚ್‌ಡೌನಿನಷ್ಟೇ ಅಂಕವಾ?" ಎಂದು ಕೇಳಿದ. ಹೌದು ಕಣೋ, ಅಷ್ಟೇ ಅಂಕ ಅಂದೆ. ಲಕೋಟೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಹೋದ. ಯಾವ ವೀರಗಾಥೆ ಹೇಳಿದ್ದರೂ ಅವನಿಗೆ ಅಷ್ಟು ಬೇಗ ಆಟ ಅರ್ಥವಾಗುತ್ತಿರಲಿಲ್ಲ.

ನಾನು ಅಂಕಿಗಳ ಪರ ನಿಲ್ಲುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇರೆಯಿದೆ. ಅಂಕಿ ಇಲ್ಲದ ಕಡೆ ತೀರ್ಪು ಕೊಡುವುದು ಕಣ್ಣು, ಕಣ್ಣಿಗೆ ಪೂರ್ವಗ್ರಹವಿರುತ್ತದೆ. ಈ ಆಟದಲ್ಲಿ ಕಪ್ಪು ಹುಡುಗರಿಗೆ ಕ್ವಾರ್ಟರ್‌ಬ್ಯಾಕ್ ಜಾಗವನ್ನು ದಶಕಗಳ ಕಾಲ ಕೊಡಲಿಲ್ಲ. ಓಡುವುದಕ್ಕೆ ಸರಿ, ಹಿಡಿಯುವುದಕ್ಕೆ ಸರಿ, ಯೋಚಿಸುವ ಜಾಗಕ್ಕೆ ಬೇಡ ಅನ್ನುವುದು ಯಾರೂ ಬರೆದಿಡದ ನಿಯಮವಾಗಿತ್ತು. 1978ರಲ್ಲಿ ವಾರನ್ ಮೂನ್ ತನ್ನ ಕಾಲೇಜು ತಂಡಕ್ಕೆ ರೋಸ್ ಬೌಲ್ ಗೆದ್ದುಕೊಟ್ಟು ಬಂದಿದ್ದ. ಡ್ರಾಫ್ಟಿನಲ್ಲಿ ಒಂದೇ ಒಂದು ತಂಡವೂ ಅವನ ಹೆಸರು ಕೂಗಲಿಲ್ಲ. ಗಡಿ ದಾಟಿ ಕೆನಡಾಕ್ಕೆ ಹೋದ, ಎಡ್ಮಂಟನ್ ತಂಡದೊಂದಿಗೆ ಸತತ ಐದು ವರ್ಷ ಗ್ರೇ ಕಪ್ ಗೆದ್ದ. 1984ರಲ್ಲಿ ಹ್ಯೂಸ್ಟನ್‌ಗೆ ಬಂದವನು ಎನ್‌ಎಫ್‌ಎಲ್ ಬಿಡುವ ಹೊತ್ತಿಗೆ 49,325 ಗಜ ಎಸೆದಿದ್ದ. 2006ರಲ್ಲಿ ಹಾಲ್ ಆಫ್ ಫೇಮ್ ಸೇರಿದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಅವನೇ. ಇನ್ನೊಬ್ಬ ಡಗ್ ವಿಲಿಯಮ್ಸ್. 1988ರ ಜನವರಿಯ ಸೂಪರ್ ಬೌಲಿನ ಎರಡನೆಯ ಕಾಲು ಭಾಗ ಒಂದರಲ್ಲೇ 4 ಟಚ್‌ಡೌನ್ ಪಾಸು ಎಸೆದ, ಒಟ್ಟು 340 ಗಜ. ಯೋಚಿಸುವ ಜಾಗ ಇವರದಲ್ಲ ಎಂದಿದ್ದವರ ಬಳಿ ಅದಕ್ಕೆ ಉತ್ತರವಿರಲಿಲ್ಲ. ಮೊನ್ನೆ ಮೊನ್ನೆ 2018ರಲ್ಲಿ ಕೂಡ ಲಮಾರ್ ಜಾಕ್ಸನ್‌ಗೆ ಪಾಸು ಹಿಡಿಯುವ ರಿಸೀವರ್ ಆಗಪ್ಪ ಎಂದು ಬುದ್ಧಿ ಹೇಳಿದ ಹಿರಿಯರಿದ್ದರು. ಅವನಿಗಿಂತ ಮೊದಲು ನಾಲ್ವರು ಕ್ವಾರ್ಟರ್‌ಬ್ಯಾಕ್‌ಗಳು ಆಯ್ಕೆಯಾದರು, ಅವನ ಸರದಿ ಬಂದದ್ದು 32ನೆಯದು. ಮರುವರ್ಷ ಲೀಗಿನಲ್ಲೇ ಅತಿ ಹೆಚ್ಚು, 36 ಟಚ್‌ಡೌನ್ ಪಾಸು ಎಸೆದ. ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಎಂವಿಪಿ ಪ್ರಶಸ್ತಿಗೆ ಮತ ಹಾಕಿದವರೆಲ್ಲರೂ ಅವನಿಗೇ ಹಾಕಿದರು. ಬಾಯಿಮಾತಿನ ತೀರ್ಪಿನಿಂದ ನೊಂದವರಿಗೆ ಅಂಕಿಗಿಂತ ಗಟ್ಟಿಯಾದ ಸಾಕ್ಷಿ ಯಾವುದಿದೆ?

ರೇಟಿಂಗಿನಲ್ಲಿ ದೋಷವಿಲ್ಲ ಎಂದು ನಾನು ಹೇಳುವುದಿಲ್ಲ. ಕ್ವಾರ್ಟರ್‌ಬ್ಯಾಕನ್ನು ಎಸೆಯುವ ಮುಂಚೆಯೇ ಕೆಡವಿದರೆ, ಅಂದರೆ ಸ್ಯಾಕ್ ಆದರೆ, ಅದು ರೇಟಿಂಗಿನಲ್ಲಿ ಬರುವುದಿಲ್ಲ. ಸರಿ, ಸೇರಿಸೋಣ. ಸೇರಿಸಿಯೂ ಆಗಿದೆ. ಗಜಗಳ ಮೊತ್ತಕ್ಕೆ ಟಚ್‌ಡೌನ್ ಒಂದಕ್ಕೆ 20 ಕೂಡಿಸಿ, ಇಂಟರ್‌ಸೆಪ್ಷನ್ ಒಂದಕ್ಕೆ 45 ಕಳೆದು, ಸ್ಯಾಕಿನಲ್ಲಿ ಕಳೆದುಕೊಂಡ ಗಜಗಳನ್ನೂ ಕಳೆದು, ಎಸೆತ ಮತ್ತು ಸ್ಯಾಕುಗಳ ಒಟ್ಟು ಸಂಖ್ಯೆಯಿಂದ ಭಾಗಿಸುವ ಇನ್ನೊಂದು ಲೆಕ್ಕ ಬಹಳ ದಿನದಿಂದ ಬಳಕೆಯಲ್ಲಿದೆ. ಈಗ ಆಟಗಾರರ ಭುಜದ ಪ್ಯಾಡಿನೊಳಗೆ ಚಿಪ್ ಇರುತ್ತದೆ. ಚೆಂಡು ಬಿಟ್ಟಾಗ ರಿಸೀವರ್‌ನ ಪಕ್ಕದಲ್ಲಿ ಎದುರಾಳಿ ಎಷ್ಟು ಹತ್ತಿರವಿದ್ದ ಎಂದು ಅಳೆದು, ಆ ಪಾಸು ಕೈ ಸೇರುವ ಸಾಧ್ಯತೆ ನೂರಕ್ಕೆ ಎಷ್ಟಿತ್ತು ಎಂದು ಹೇಳುತ್ತಾರೆ. ತಕ್ಕಡಿ ಸ್ವಲ್ಪ ವಾಲಿದರೆ ಅದನ್ನು ಸರಿ ಮಾಡಿಸುತ್ತೇವೆ. ತಕ್ಕಡಿಯೇ ಬೇಡ, ಕೈಯಲ್ಲಿ ಹಿಡಿದು ತೂಕ ಹೇಳುತ್ತೇನೆ ಅನ್ನುವ ಅಂಗಡಿಯವನ ಹತ್ತಿರ ನಾನು ಬೇಳೆ ಕೊಳ್ಳುವುದಿಲ್ಲ.

ಕಾಲ ಬದಲಾಯಿತು ಅನ್ನುವ ವಾದವೂ ಉಂಟು. ನಿಜವೇ. 1978ರಲ್ಲಿ ರಿಸೀವರ್‌ಗಳನ್ನು ಐದು ಗಜದಾಚೆ ತಡೆಯುವುದು, ತಳ್ಳುವುದು ನಿಯಮಕ್ಕೆ ವಿರುದ್ಧವಾಯಿತು, ಆಮೇಲೆ ಎಲ್ಲರ ಅಂಕಿಗಳೂ ಏರಿದವು. ಹಾಗಾಗಿ ಒಂದೇ ವರ್ಷದ ಆಟಗಾರರನ್ನು ಒಬ್ಬರ ಪಕ್ಕ ಒಬ್ಬರನ್ನಿಟ್ಟು ನೋಡಬೇಕು. ಅಷ್ಟು ಮಾಡಿದರೆ ಅಂಕಿ ದಾರಿ ತಪ್ಪಿಸುವುದು ಅಪರೂಪ. 2019ರಲ್ಲಿ ಜೇಮಿಸ್ ವಿನ್‌ಸ್ಟನ್ 5,109 ಗಜ ಎಸೆದು ಲೀಗಿಗೇ ಮೊದಲಿಗನಾದ. 33 ಟಚ್‌ಡೌನ್, 30 ಇಂಟರ್‌ಸೆಪ್ಷನ್. ಗಜ ಮಾತ್ರ ನೋಡಿದವರು ಹಿಗ್ಗಬಹುದಿತ್ತು. ಪೂರ್ತಿ ಸಾಲು ಓದಿದ ಟ್ಯಾಂಪಾ ತಂಡ ಅವನನ್ನು ಬಿಟ್ಟು ಟಾಮ್ ಬ್ರೇಡಿಯನ್ನು ಕರೆತಂದಿತು. ಇಂಟರ್‌ಸೆಪ್ಷನ್ 12ಕ್ಕೆ ಇಳಿಯಿತು, ಆ ವರ್ಷವೇ ಸೂಪರ್ ಬೌಲ್ ಗೆದ್ದರು.

ನಮ್ಮೂರ ಫಾರ್ಟಿನೈನರ್ಸ್ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿಯ ಮಾತು ಹೇಳದೆ ಮುಗಿಸಲಾರೆ. 2022ರ ಡ್ರಾಫ್ಟಿನಲ್ಲಿ ಕಟ್ಟಕಡೆಯ, 262ನೆಯ ಆಯ್ಕೆ. ಎತ್ತರ ಸಾಲದು, ತೋಳಿನಲ್ಲಿ ಬಲ ಸಾಲದು ಎಂದವರು ನೂರು ಜನ. ಮುಂದಿದ್ದ ಇಬ್ಬರು ಗಾಯಗೊಂಡದ್ದಕ್ಕೆ ಅವನಿಗೆ ಅವಕಾಶ ಬಂತು. 2023ರಲ್ಲಿ ಅವನ ರೇಟಿಂಗ್ 113.0, ಎಸೆತಕ್ಕೆ 9.6 ಗಜ, ಲೀಗಿನಲ್ಲಿ ಅವನದೇ ಮೊದಲ ಸ್ಥಾನ. ಈಗಲೂ ಕೆಲವರು, ಜೊತೆಯವರು ಒಳ್ಳೆಯವರಿದ್ದಾರೆ ಬಿಡಿ ಅನ್ನುತ್ತಾರೆ. 262ನೆಯವನಾಗಿ ಬಂದ ಹುಡುಗ ಇನ್ನೇನು ಮಾಡಿ ತೋರಿಸಬೇಕು ಎಂದು ಅವರು ಹೇಳುವುದಿಲ್ಲ. ಅವನ ಎಸೆತಗಳ ಲೆಕ್ಕವನ್ನು ನಾನು ಅವನ ಪರವಾಗಿ ಮುಂದಿಡುತ್ತೇನೆ, ಅಷ್ಟೇ.

ವಿರೋಧ: ಹನ್ನೊಂದು ಜನರ ಬೆವರು, ಒಬ್ಬನ ಖಾತೆ

2023ರ ಸೆಪ್ಟೆಂಬರ್ 7, ಋತುವಿನ ಮೊದಲ ಪಂದ್ಯ. ಕಾನ್ಸಾಸ್ ಸಿಟಿಯಲ್ಲಿ ಡೆಟ್ರಾಯಿಟ್ ಲಯನ್ಸ್ ಆಡಲು ಬಂದಿದ್ದರು. ಆತಿಥೇಯರ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಎಸೆದ ಚೆಂಡು ಅವನದೇ ತಂಡದ ರಿಸೀವರ್ ಕಡೇರಿಯಸ್ ಟೋನಿಯ ಎರಡೂ ಅಂಗೈಗೆ ಬಂದು ಬಿತ್ತು. ಅಲ್ಲಿಂದ ಪುಟಿದು ಡೆಟ್ರಾಯಿಟಿನ ಬ್ರಯಾನ್ ಬ್ರಾಂಚ್ ಕೈಗೆ ಹೋಯಿತು. ಅವನು 50 ಗಜ ಓಡಿ ಟಚ್‌ಡೌನ್ ಮಾಡಿದ. ಡೆಟ್ರಾಯಿಟ್ 21-20ರಲ್ಲಿ ಗೆದ್ದಿತು. ದಾಖಲೆ ಪುಸ್ತಕದಲ್ಲಿ ಈಗ ಏನಿದೆ? ಮಹೋಮ್ಸ್, ಇಂಟರ್‌ಸೆಪ್ಷನ್ 1. ಟೋನಿಯ ಹೆಸರಿನ ಮುಂದೆ ಆ ಇಂಟರ್‌ಸೆಪ್ಷನ್ ಇಲ್ಲ.

ಪಕ್ಕದ ಮನೆಯ ಅಕ್ಕ ಬರೆದದ್ದರಲ್ಲಿ ಒಂದು ಮಾತನ್ನು ನಾನು ತಲೆಬಾಗಿ ಒಪ್ಪುತ್ತೇನೆ. ವಾರನ್ ಮೂನ್‌ಗೆ ಆದ ಅನ್ಯಾಯ ಕಣ್ಣಿನ ಪೂರ್ವಗ್ರಹದಿಂದಲೇ ಆದದ್ದು. ಆದರೆ ಅಲ್ಲಿ ಅಂಕಿ ಕಾಪಾಡಿತೆ ಎಂದು ನೋಡಿ. ಲಮಾರ್ ಜಾಕ್ಸನ್ ಕಾಲೇಜಿನಲ್ಲೇ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ 2016ರ ಹೈಸ್‌ಮನ್ ಪ್ರಶಸ್ತಿ ಗೆದ್ದಿದ್ದ, ಅವನ ಅಂಕಿಗಳು ಎಲ್ಲರ ಮೇಜಿನ ಮೇಲೂ ಇದ್ದವು. ಆದರೂ ಅವನು 32ನೆಯವನಾದ. ನೋಡಲು ಮನಸ್ಸಿಲ್ಲದವರಿಗೆ ಅಂಕಿಯೂ ಕಾಣಲಿಲ್ಲ. ಆಟವನ್ನು ಬಿಡಿಸಿ ನೋಡಲು ಬರುವವರು ಆ ಕೋಣೆಗಳಲ್ಲಿ ಹೆಚ್ಚಾಗಬೇಕಿತ್ತು.

ಒಂದು ಪಾಸು ಆಗುವುದು ಹೇಗೆ? ಐವರು ಲೈನ್‌ಮ್ಯಾನ್‌ಗಳು ಎದುರಿನವರನ್ನು ತಡೆಯಬೇಕು. ರಿಸೀವರ್ ಹೇಳಿದ ದಾರಿಯಲ್ಲಿ, ಹೇಳಿದ ಹೆಜ್ಜೆಗೆ ಸರಿಯಾಗಿ ತಿರುಗಬೇಕು. ಕೋಚ್ ಆ ಹೊತ್ತಿಗೆ ಸರಿಯಾದ ಆಟ ಹೇಳಿರಬೇಕು. ಇಷ್ಟೆಲ್ಲ ಕೂಡಿಬಂದ ಮೇಲೆ ಕ್ವಾರ್ಟರ್‌ಬ್ಯಾಕ್ ಎಸೆಯುತ್ತಾನೆ. ಅವನು ಐದು ಗಜ ಎಸೆದು, ಹಿಡಿದವನು ಮೂವರನ್ನು ತಪ್ಪಿಸಿಕೊಂಡು ಐವತ್ತೈದು ಗಜ ಓಡಿದರೆ, ಕ್ವಾರ್ಟರ್‌ಬ್ಯಾಕ್ ಖಾತೆಗೆ 60 ಗಜ ಜಮಾ. ನಲವತ್ತು ಗಜ ಗಾಳಿಯಲ್ಲಿ ಹೋಗಿ ಬೆರಳ ತುದಿಗೆ ಬಂದ ಚೆಂಡನ್ನು ರಿಸೀವರ್ ಕೈಬಿಟ್ಟರೆ ಸೊನ್ನೆ.

ಪರ್ಡಿಯ ಬಗ್ಗೆ ನನಗೂ ಪ್ರೀತಿ ಇದೆ, ನಮ್ಮ ಮನೆಯಲ್ಲೂ ಅವನ ಜೆರ್ಸಿ ಇದೆ. ಆದರೆ ಅವನಿಗಿಂತ ಮುಂಚೆ ಅದೇ ಜಾಗದಲ್ಲಿ ನಿಂತವನನ್ನು ನೋಡೋಣ. 2022ರಲ್ಲಿ ಇದೇ ಕೋಚ್, ಇದೇ ಜೊತೆಗಾರರ ನಡುವೆ ಜಿಮ್ಮಿ ಗರೊಪೊಲೊನ ರೇಟಿಂಗ್ 103.0. ಮರುವರ್ಷ ಲಾಸ್ ವೇಗಸ್ ತಂಡಕ್ಕೆ ಹೋದ, 7 ಟಚ್‌ಡೌನ್, 9 ಇಂಟರ್‌ಸೆಪ್ಷನ್, 77.7. ಋತುವಿನ ನಡುವೆಯೇ ಜಾಗ ಕಳೆದುಕೊಂಡ. ಹಾಗೆಂದು ಪರ್ಡಿ ಒಳ್ಳೆಯವನಲ್ಲ ಎಂದೇನೂ ಅಲ್ಲ. 113.0ರಲ್ಲಿ ಪರ್ಡಿಯದೆಷ್ಟು, ಕ್ರಿಶ್ಚಿಯನ್ ಮೆಕ್ಯಾಫ್ರಿಯದೆಷ್ಟು, ಡೀಬೋ ಸ್ಯಾಮ್ಯುಯೆಲ್‌ನದೆಷ್ಟು, ಕೋಚ್ ಕೈಲ್ ಶಾನಹನ್‌ನದೆಷ್ಟು ಎಂದು ಪಾಲು ಮಾಡಿಕೊಡುವ ಶಕ್ತಿ ಆ ಅಂಕಿಗೆ ಇಲ್ಲ.

ಇಂಥ ಕತೆಗಳು ಒಂದೆರಡಲ್ಲ. ಜ್ಯಾರೆಡ್ ಗಾಫ್ 2016ರಲ್ಲಿ ಲಾಸ್ ಏಂಜಲೀಸ್ ರಾಮ್ಸ್ ತಂಡಕ್ಕೆ ಡ್ರಾಫ್ಟಿನ ಮೊದಲ ಆಯ್ಕೆಯಾಗಿ ಬಂದು, ಆಡಿದ 7 ಪಂದ್ಯಗಳನ್ನೂ ಸೋತ, ರೇಟಿಂಗ್ 63.6. ಅವನ ಕತೆ ಮುಗಿಯಿತು ಅಂದರು. 2017ಕ್ಕೆ ಶಾನ್ ಮೆಕ್‌ವೇ ಕೋಚ್ ಆಗಿ ಬಂದ. ಅದೇ ಹುಡುಗ, ಅದೇ ತೋಳು, 28 ಟಚ್‌ಡೌನ್, 100.5. ಆಮೇಲೆ ಅದೇ ತಂಡ ಗಾಫ್‌ನನ್ನು ಡೆಟ್ರಾಯಿಟ್‌ಗೆ ಕೊಟ್ಟು ಮ್ಯಾಥ್ಯೂ ಸ್ಟ್ಯಾಫರ್ಡ್‌ನನ್ನು ತಂದಿತು. ಸ್ಟ್ಯಾಫರ್ಡ್ ಡೆಟ್ರಾಯಿಟಿನಲ್ಲಿ ಹನ್ನೆರಡು ವರ್ಷ 45,000ಕ್ಕೂ ಹೆಚ್ಚು ಗಜ ಎಸೆದು ಒಂದೇ ಒಂದು ಪ್ಲೇಆಫ್ ಪಂದ್ಯವನ್ನೂ ಗೆದ್ದಿರಲಿಲ್ಲ. ಊರು ಬದಲಾದ ಮೊದಲ ವರ್ಷವೇ ಸೂಪರ್ ಬೌಲ್ ಗೆದ್ದ.

ಅಕ್ಕ ಮ್ಯಾನಿಂಗ್‌ನಿಂದ ಶುರು ಮಾಡಿದ್ದಾರೆ. ಅವನ ಕೊನೆಯ ದಿನಗಳನ್ನೂ ನೋಡಬೇಕು. 2013ರಲ್ಲಿ ಡೆನ್ವರ್ ಪರ 5,477 ಗಜ, 55 ಟಚ್‌ಡೌನ್, ಎರಡೂ ಒಂದು ಋತುವಿನ ದಾಖಲೆ. ಆ ಸೂಪರ್ ಬೌಲಿನಲ್ಲಿ ಅವನು 34 ಪಾಸು ಪೂರೈಸಿದ, ಅದೂ ಆಗಿನ ದಾಖಲೆಯೇ. ತಂಡ 43-8ರಲ್ಲಿ ಸೋತಿತು. ಎರಡು ವರ್ಷದ ನಂತರ, 2015ರಲ್ಲಿ, ದೇಹ ಸೋತಿತ್ತು: 9 ಟಚ್‌ಡೌನ್, 17 ಇಂಟರ್‌ಸೆಪ್ಷನ್, ರೇಟಿಂಗ್ 67.9. ಮೊದಲ ವರ್ಷದ 71.2ಕ್ಕಿಂತಲೂ ಕೆಳಗೆ. ಆ ವರ್ಷ ಡೆನ್ವರ್ ಸೂಪರ್ ಬೌಲ್ ಗೆದ್ದಿತು. ಗೆಲ್ಲಿಸಿದ್ದು ವಾನ್ ಮಿಲ್ಲರ್ ಮತ್ತು ಅವನ ಜೊತೆಯ ರಕ್ಷಣಾಪಡೆ, ಇದರಲ್ಲಿ ಅನುಮಾನವೇ ಇಲ್ಲ. ಗೆಲುವನ್ನು ಒಬ್ಬನ ಖಾತೆಗೆ ಹಾಕಬಾರದು ಎಂದು ಅಕ್ಕ ಹೇಳುತ್ತಾರೆ. ಹಾಗಾದರೆ ಗಜವನ್ನು ಮಾತ್ರ ಒಬ್ಬನ ಖಾತೆಗೆ ಹಾಕುವುದು ಯಾವ ನ್ಯಾಯ?

ಈಗ ರೇಟಿಂಗಿನ ಹೊಟ್ಟೆಯೊಳಗೇ ಕೈಹಾಕುತ್ತೇನೆ. ಆ ಲಕೋಟೆಯನ್ನು ನನ್ನ ಮಗ ತಂದು ನನಗೂ ತೋರಿಸಿದ್ದ. ಅದೇ ಸೂತ್ರದಲ್ಲಿ ಇನ್ನೊಂದು ಲೆಕ್ಕ ಹಾಕಿ ನೋಡಿ ಎಂದು ಓದುಗರನ್ನೂ ಕೇಳುತ್ತೇನೆ. ಒಬ್ಬ ಕ್ವಾರ್ಟರ್‌ಬ್ಯಾಕ್ ಇದ್ದಾನೆ. ಎಸೆದ ಪ್ರತಿ ಪಾಸೂ ಕೈ ಸೇರುತ್ತದೆ, ಪ್ರತಿ ಪಾಸಿಗೂ ಸರಿಯಾಗಿ 3 ಗಜ. ಟಚ್‌ಡೌನ್ ಇಲ್ಲ, ಇಂಟರ್‌ಸೆಪ್ಷನ್ ಇಲ್ಲ. ಕೈ ಸೇರಿದ್ದಕ್ಕೆ ಪೂರ್ತಿ 2.375, ಗಜಕ್ಕೆ ಸೊನ್ನೆ, ಟಚ್‌ಡೌನಿಗೆ ಸೊನ್ನೆ, ಚೆಂಡು ಕಳೆಯದ್ದಕ್ಕೆ ಪೂರ್ತಿ 2.375. ಒಟ್ಟು 4.75. ರೇಟಿಂಗ್ 79.2. ಮೈದಾನದಲ್ಲಿ ಏನಾಗುತ್ತದೆ? ಮೂರು ಯತ್ನಕ್ಕೆ 9 ಗಜ. ಬೇಕಾದದ್ದು 10. ನಾಲ್ಕನೆಯ ಯತ್ನದಲ್ಲಿ ಚೆಂಡನ್ನು ಒದ್ದು ಎದುರಾಳಿಗೆ ಕೊಡುತ್ತಾರೆ. ಇಡೀ ವರ್ಷ ಹೀಗೇ ಆಡಿದರೆ ಅವನು ತಂಡವನ್ನು ಒಂದು ಸಲವೂ ಹತ್ತು ಗಜ ದಾಟಿಸಿರುವುದಿಲ್ಲ. ನಾಲ್ಕು ಸೂಪರ್ ಬೌಲ್ ಗೆದ್ದ ಟೆರಿ ಬ್ರಾಡ್‌ಶಾನ ಜೀವಮಾನದ ರೇಟಿಂಗ್ 70.9. ಜೋ ನೇಮತ್‌ನದು 65.5. ಇಬ್ಬರೂ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ. ಅವರು ಆಡಿದ ಕಾಲ ಕಷ್ಟದ್ದು ಎಂದು ಅಕ್ಕ ಹೇಳಿಯಾರು, ಹೌದು. ಆದರೆ ಯಾವ ಕಾಲದಲ್ಲೂ ಹತ್ತು ಗಜ ದಾಟದವನು ಆಟಗಾರನಲ್ಲ.

ದೋಷ ಇರುವುದು ಸೂತ್ರದ ಒಳಗೇ. ಗುಣಾಕಾರ ಬಿಡಿಸಿ ನೋಡಿದರೆ, ಕೈ ಸೇರಿದ ಒಂದು ಪಾಸಿಗೆ ಅದು 20 ಗಜದಷ್ಟು ಬೆಲೆ ಕಟ್ಟುತ್ತದೆ, ಎಸೆದದ್ದು ಒಂದೇ ಗಜವಾದರೂ ಸರಿ. ಮೂರನೆಯ ಯತ್ನದಲ್ಲಿ 12 ಗಜ ಬೇಕಾಗಿದ್ದಾಗ, ಧೈರ್ಯ ಮಾಡಿ ದೂರಕ್ಕೆ ಎಸೆದು ತಪ್ಪಿದವನ ರೇಟಿಂಗ್ ಇಳಿಯುತ್ತದೆ. ಪಕ್ಕದವನಿಗೆ ಎರಡು ಗಜ ಎಸೆದು ಸುಮ್ಮನಾದವನ ರೇಟಿಂಗ್ ಕೆಡುವುದಿಲ್ಲ.

2018ರ ಫೆಬ್ರುವರಿ 4ರ ರಾತ್ರಿಯನ್ನು ನಾನು ಮರೆಯುವಂತಿಲ್ಲ. ಮಿನಿಯಾಪೊಲಿಸ್‌ನಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಮತ್ತು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್. ಬ್ರೇಡಿ 505 ಗಜ ಎಸೆದ, 3 ಟಚ್‌ಡೌನ್, ಇಂಟರ್‌ಸೆಪ್ಷನ್ ಇಲ್ಲ, ರೇಟಿಂಗ್ 115.4. ಎದುರಿಗೆ ನಿಕ್ ಫೋಲ್ಸ್. 2013ರಲ್ಲಿ 27 ಟಚ್‌ಡೌನ್, 2 ಇಂಟರ್‌ಸೆಪ್ಷನ್ ಇದ್ದವನು. 2015ರಲ್ಲಿ ಬೇರೆ ತಂಡದಲ್ಲಿ 69.0ಕ್ಕೆ ಬಿದ್ದು ಬೆಂಚು ಸೇರಿದವನು. ಬದಲಿ ಆಟಗಾರನಾಗಿ ಇಲ್ಲಿಗೆ ಬಂದಿದ್ದ. ಆ ರಾತ್ರಿ 373 ಗಜ, 3 ಟಚ್‌ಡೌನ್, 1 ಇಂಟರ್‌ಸೆಪ್ಷನ್, 106.1. ಕೊನೆಗೆ ಎರಡು ನಿಮಿಷ ಚಿಲ್ಲರೆ ಉಳಿದಿತ್ತು, ಈಗಲ್ಸ್ 38-33ರಲ್ಲಿ ಮುಂದೆ. ಬ್ರೇಡಿ ಕೈಯಲ್ಲಿ ಚೆಂಡು. ಅಂಥ ಹೊತ್ತಿನಲ್ಲಿ ಅವನು ಎಷ್ಟೋ ಪಂದ್ಯ ಗೆದ್ದಿದ್ದ. ಬ್ರ್ಯಾಂಡನ್ ಗ್ರಹಾಂ ಒಳಗೆ ನುಗ್ಗಿ, ಎಸೆಯಲು ಎತ್ತಿದ ಕೈಯಿಂದ ಚೆಂಡನ್ನು ಹೊಡೆದು ಬೀಳಿಸಿದ. ಡೆರೆಕ್ ಬಾರ್ನೆಟ್ ಎತ್ತಿಕೊಂಡ. ಚೆಂಡನ್ನು ಒದ್ದು ಗಳಿಸುವ ಮೂರು ಅಂಕದ ಫೀಲ್ಡ್ ಗೋಲ್ ಈಗಲ್ಸ್‌ಗೆ ಬಂತು, 41-33. ಪಂದ್ಯ ತಿರುಗಿದ ಆ ಒಂದು ಕ್ಷಣ ಬ್ರೇಡಿಯ 115.4ರಲ್ಲಿ ಕೂದಲೆಳೆಯಷ್ಟೂ ಇಲ್ಲ. ಅದು ಪಾಸು ಅಲ್ಲವಲ್ಲ!

ಅದೇ ಪಂದ್ಯದ ಮೊದಲರ್ಧದ ಕೊನೆಗೆ ಒಂದು ಗಜ ಬೇಕಿತ್ತು, ನಾಲ್ಕನೆಯ ಯತ್ನ. ಫೋಲ್ಸ್ ಮಾತಾಡುವವನಂತೆ ಪಕ್ಕಕ್ಕೆ ಸರಿದ. ಚೆಂಡು ಬೇರೆಯವನಿಗೆ ಹೋಗಿ, ಅಲ್ಲಿಂದ ಟ್ರೇ ಬರ್ಟನ್ ಕೈಗೆ ಬಂದು, ಬರ್ಟನ್ ಎಸೆದದ್ದನ್ನು ಫೋಲ್ಸ್ ಹಿಡಿದು ಟಚ್‌ಡೌನ್ ಮಾಡಿದ. ಬರ್ಟನ್ ಒಂದು ಪಾಸಿಗೆ ಒಂದು, 1 ಗಜ, 1 ಟಚ್‌ಡೌನ್. ಸೂತ್ರಕ್ಕೆ ಹಾಕಿದರೆ 118.8. ಆ ರಾತ್ರಿ ಬ್ರೇಡಿಗಿಂತಲೂ ಫೋಲ್ಸ್‌ಗಿಂತಲೂ ಹೆಚ್ಚು. ಒಂದೇ ಎಸೆತದ ಲೆಕ್ಕ ಹಿಡಿಯಬಾರದು ಎಂದು ನನಗೂ ಗೊತ್ತು. ನನಗೆ ಮುಖ್ಯವಾದದ್ದು ಇನ್ನೊಂದು. ಸೂಪರ್ ಬೌಲಿನಲ್ಲಿ ನಾಲ್ಕನೆಯ ಯತ್ನಕ್ಕೆ ಆ ಆಟವನ್ನೇ ಆಡೋಣ ಎಂದು ಕೋಚ್‌ಗೆ ಕೇಳಿದ್ದು ಫೋಲ್ಸ್. ಆ ಎದೆಗಾರಿಕೆಯನ್ನು ಯಾವ ಕಾಲಂನಲ್ಲಿ ಬರೆಯುತ್ತೀರಿ?

ಚಿಪ್ ಬಂದಿದೆ, ಹೊಸ ಲೆಕ್ಕ ಬಂದಿದೆ ಅನ್ನುತ್ತಾರೆ. ಚಿಪ್ ಯಾರು ಎಲ್ಲಿ ಓಡಿದರು ಎಂದು ಹೇಳುತ್ತದೆ. ಎಲ್ಲಿ ಓಡಬೇಕಿತ್ತು ಎಂದು ಹೇಳುವುದಿಲ್ಲ. ರಿಸೀವರ್ ಒಳಕ್ಕೆ ತಿರುಗಬೇಕಾದ ಕಡೆ ಹೊರಕ್ಕೆ ತಿರುಗಿದರೆ, ಖಾಲಿ ಜಾಗಕ್ಕೆ ಎಸೆದ ಮೂರ್ಖನಂತೆ ಕಾಣುವುದು ಕ್ವಾರ್ಟರ್‌ಬ್ಯಾಕ್. ತಪ್ಪು ಯಾರದೆಂದು ಗೊತ್ತಿರುವುದು ಆ ಹನ್ನೊಂದು ಜನಕ್ಕೆ, ಅವರ ಕೋಚ್‌ಗೆ. ಸ್ಯಾಕನ್ನು ಲೆಕ್ಕಕ್ಕೆ ಸೇರಿಸಿದ್ದಾರೆ, ಸಂತೋಷ. ಎಡಗಡೆಯ ಲೈನ್‌ಮ್ಯಾನ್ ಕಾಲು ಜಾರಿದ್ದಕ್ಕೆ ಆದ ಸ್ಯಾಕ್, ಎಸೆಯಲು ಹೆದರಿ ನಾಲ್ಕು ಸೆಕೆಂಡು ಚೆಂಡು ಹಿಡಿದುಕೊಂಡದ್ದಕ್ಕೆ ಆದ ಸ್ಯಾಕ್, ಎರಡೂ ಅಲ್ಲಿ ಒಂದೇ.

ಓಡುವ ಕ್ವಾರ್ಟರ್‌ಬ್ಯಾಕ್‌ಗಳ ಮಾತು ಬೇರೆಯೇ ಇದೆ. ಜಾಕ್ಸನ್ 2019ರಲ್ಲಿ 36 ಟಚ್‌ಡೌನ್ ಎಸೆದದ್ದರ ಜೊತೆ 1,206 ಗಜ ಓಡಿದ. ಅವನು ಓಡಿಯಾನು ಎಂಬ ಭಯಕ್ಕೇ ಎದುರಿನವರು ಅರೆಕ್ಷಣ ನಿಲ್ಲುತ್ತಾರೆ. ಅವನ ಪಾಸಿಗೆ ಜಾಗ ಸಿಗುವುದೇ ಆ ಅರೆಕ್ಷಣದಲ್ಲಿ. 2024ರಲ್ಲಿ ಅವನ ರೇಟಿಂಗ್ 119.6, ಲೀಗಿಗೇ ಮೊದಲು, 41 ಟಚ್‌ಡೌನ್, 4 ಇಂಟರ್‌ಸೆಪ್ಷನ್. ಎಂವಿಪಿ ಹೋದದ್ದು 28 ಟಚ್‌ಡೌನ್ ಎಸೆದ ಜಾಶ್ ಆಲನ್‌ಗೆ. ನನ್ನ ಮತವಿದ್ದಿದ್ದರೆ ಜಾಕ್ಸನ್‌ಗೇ ಹಾಕುತ್ತಿದ್ದೆ, ಅದು ಬೇರೆ. ಆದರೆ ಮತ ಹಾಕಿದವರು ಪಾಸಿನ ಸಾಲನ್ನು ದಾಟಿ ನೋಡಿದರು ಎಂಬುದು ಸ್ಪಷ್ಟ.

ಹೋದ ನವೆಂಬರಿನ ಒಂದು ಶುಕ್ರವಾರ ರಾತ್ರಿ ನನ್ನ ಮಗನ ಪಂದ್ಯವಿತ್ತು. ಸಂಜೆಯಿಂದ ಮಳೆ. ಚೆಂಡು ಸೋಪು ಹಚ್ಚಿದಂತೆ ಜಾರುತ್ತಿತ್ತು. ನಾನು ಕೊಡೆ ಹಿಡಿದು ಬೇಲಿಯ ಪಕ್ಕ ನಿಂತಿದ್ದೆ. ಅವರು ಸೋತರು. ಮನೆಗೆ ಬಂದು ಒದ್ದೆ ಬೂಟು ಬಿಚ್ಚುವ ಮುಂಚೆಯೇ ಆಪಿನಲ್ಲಿ ಅಂಕಿ ಬಂದಿತ್ತು: 22ಕ್ಕೆ 9, 2 ಇಂಟರ್‌ಸೆಪ್ಷನ್. ಮೈಸೂರಿನಲ್ಲಿ ಆಗ ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆ. ನಮ್ಮಪ್ಪ ಅಲ್ಲಿ ಅದನ್ನು ನೋಡಿಯೇ ಫೋನ್ ಮಾಡಿದ್ದರು. ಅವರಿಗೆ ಈ ಆಟ ಪೂರ್ತಿ ಬರುವುದಿಲ್ಲ, ಕ್ರಿಕೆಟ್ ಬರುತ್ತದೆ. 1971ರಲ್ಲಿ ಓವಲ್‌ನಲ್ಲಿ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ತೆಗೆದದ್ದನ್ನು ರೇಡಿಯೋದಲ್ಲಿ ಕೇಳಿದವರು. ಆ ಕತೆ ಹೇಳಿದಾಗಲೆಲ್ಲ ಬ್ಯಾಟಿನ ಮೂಗಿನಡಿ ನಿಂತಿದ್ದ ಸೋಲ್ಕರ್ ಹೆಸರನ್ನು ಬಿಡದೆ ಹೇಳುತ್ತಾರೆ.

ಹುಡುಗ ಫೋನ್ ಹಿಡಿದು ಸುಮ್ಮನೆ ಕೂತ. ಅಪ್ಪ ಕೇಳಿದರು, "ಒಂಬತ್ತು ಇರಲಿ ಬಿಡು ಕಂದಾ. ಮಿಕ್ಕ ಹದಿಮೂರು ಏನಾದವು, ಒಂದೊಂದಾಗಿ ಹೇಳು."

"ಮೊದಲನೇದು ನಂದೇ ತಪ್ಪು ತಾತ, ತುಂಬಾ ಮೇಲೆ ಹೋಯ್ತು" ಎಂದು ಶುರು ಮಾಡಿದ. ಎರಡನೆಯದು ರಿಸೀವರ್ ಎದೆಗೆ ಬಡಿದು ಬಿದ್ದದ್ದು. ಮೂರನೆಯದನ್ನು ಯಾರೂ ಇಲ್ಲದ ಕಡೆಗೆ ಬೇಕೆಂದೇ ಎಸೆದಿದ್ದ, ಇಲ್ಲದಿದ್ದರೆ ಸ್ಯಾಕ್ ಆಗುತ್ತಿತ್ತು. "ಅದು ಜಾಣತನ" ಅಂದರು ಅಪ್ಪ. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಅವನು ಎದ್ದು ಓಡಾಡುತ್ತಾ, ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಇಲ್ಲದ ಚೆಂಡು ಹಿಡಿದು ತೋರಿಸುತ್ತಿದ್ದ, ಮೈಸೂರಿಗೆ ಅದು ಕಾಣುವಂತಿರಲಿಲ್ಲ. ಹದಿಮೂರರಲ್ಲಿ ಐದು ತನ್ನವೇ ಎಂದು ಒಪ್ಪಿಕೊಂಡ. ಎರಡು ಇಂಟರ್‌ಸೆಪ್ಷನ್‌ಗಳಲ್ಲಿ ಒಂದು ಅವನದು, ಇನ್ನೊಂದು ಯಾರದೆಂದು ಇಬ್ಬರಿಗೂ ತೀರ್ಮಾನಕ್ಕೆ ಬರಲಾಗಲಿಲ್ಲ. ನಾನು ಬಿಸಿನೀರು ಕಾದಿದೆ, ಸ್ನಾನಕ್ಕೆ ಹೋಗು ಎಂದು ಎರಡು ಸಲ ಕರೆದೆ.

"ಒಂದ್ನಿಮಿಷ ಅಪ್ಪಾ, ಹನ್ನೊಂದನೇದು ಹೇಳ್ತಾ ಇದೀನಿ" ಅಂದ.